ವೈಟ್‌ಫೀಲ್ಡ್: ತೆರಿಗೆಯಲ್ಲಿ ಮೊದಲು, ನೀರಿಗೆ ಟ್ಯಾಂಕರು

ಬೇಸಿಗೆಯ ಬೆಳಗಿನ ಜಾವ. ಕೋಳಿ ಕೂಗುವ ಹೊತ್ತು ಎನ್ನಬಹುದಿತ್ತು, ಆದರೆ ವೈಟ್‌ಫೀಲ್ಡಿನಲ್ಲಿ ಈಗ ಕೂಗುವುದು ಟ್ಯಾಂಕರ್ ಲಾರಿಯ ಹಾರನ್ನು. ಯಾವುದೇ ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಆ ಹೊತ್ತಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಊರಿನ ಜಾತಕ ಗೊತ್ತಾಗುತ್ತದೆ.

ಗೇಟು ಕಾಯುವವನು ಒಡಿಶಾದವನೋ ಅಸ್ಸಾಮಿನವನೋ ಇರುತ್ತಾನೆ. ಲಾರಿ ಡ್ರೈವರ್ ವರ್ತೂರು ಕಡೆಯವನು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಹನ್ನೊಂದನೇ ಮಹಡಿಯಿಂದ ಇಳಿದು ಬಂದು ಲೆಕ್ಕ ಬರೆದುಕೊಳ್ಳುವ ಸಂಘದ ಸೆಕ್ರೆಟರಿ ಕಾನ್ಪುರದ ಕಡೆಯವರು.

'ಕಿತ್ನಾ ಲೋಡ್?'

'ಮೂರ್ ಲೋಡ್ ಸಾರ್.'

'ತೀನ್?'

'ಹ್ಞೂ ಸಾರ್, ತೀನ್.'

ಇಷ್ಟಕ್ಕೆ ರಾಷ್ಟ್ರೀಯ ಭಾವೈಕ್ಯ ಸಾಧಿಸಿದಂತಾಯಿತು. 'ಲೋಡು' ಎಂಬ ಮಾತೊಂದು ಮಾತ್ರ ಇಲ್ಲಿ ಎಲ್ಲ ಭಾಷೆಯವರಿಗೂ ಅರ್ಥವಾಗುತ್ತದೆ.

ಬೆಂಗಳೂರಿನ ಮೂಡಣ ತುದಿಯ ಈ ಬಡಾವಣೆಯನ್ನು ಶ್ರೀಮಂತರ ಊರು, ಕಂಪ್ಯೂಟರಿನವರ ಊರು, ಹೊರಗಿನವರ ಊರು ಎಂದು ಕರೆಯುವುದು ವಾಡಿಕೆ. ಮೂರೂ ಮುಕ್ಕಾಲು ಪಾಲು ನಿಜ. ಹಾಗಾದರೆ ಇಷ್ಟು ದುಡ್ಡಿರುವ ಊರಿಗೆ ಕುಡಿಯುವ ನೀರು ಲಾರಿಯಲ್ಲಿ ಯಾಕೆ ಬರಬೇಕಾಯಿತು ಸ್ವಾಮಿ? ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ವಲ್ಪವೆಂದರೆ ಸುಮಾರು ಒಂದು ಸಾವಿರ ವರ್ಷ.

ಕೆರೆ ಕಟ್ಟಿಸಿದ ಊರು

ಕಾಡುಗೋಡಿಯಲ್ಲಿ ಚೋಳರ ಕಾಲದ ಒಂದು ಶಾಸನವಿದೆ. ಕ್ರಿ.ಶ. 1043ರದು, ತಮಿಳಿನಲ್ಲಿದೆ. ಪಟ್ಟಂದೂರಿನ ಕೆರೆ ಕಟ್ಟಿಸಿ, ತೂಬು ಇಡಿಸಿ, ದೇವರನ್ನು ಪ್ರತಿಷ್ಠೆ ಮಾಡಿಸಿದ ಸಂಗತಿಯನ್ನು ಅದು ಹೇಳುತ್ತದೆ. 'ಇಲ್ಲಿಗೆ ಬೇರೆ ಭಾಷೆಯವರು ಬಂದದ್ದು ಕಂಪ್ಯೂಟರ್ ಬಂದ ಮೇಲೆ' ಎಂದು ವಾದಿಸುವವರು ಈ ಕಲ್ಲನ್ನು ಒಮ್ಮೆ ನೋಡಬೇಕು. ಕನ್ನಡ, ತಮಿಳು, ತೆಲುಗು ಮೂರೂ ಈ ಮಣ್ಣಿನಲ್ಲಿ ಬೆರೆತು ಕಾಲವಾಗಿದೆ. ಆದರೆ ಅಂದು ಬಂದವರು ಮೊದಲು ಮಾಡಿದ ಕೆಲಸ ಕೆರೆ ಕಟ್ಟಿದ್ದು.

ಸುತ್ತಲ ಹೆಸರುಗಳಲ್ಲೂ ನೀರಿನ ಗುರುತು ಉಂಟು. ವರ್ತೂರು ಕೋಡಿ ಎಂಬ ಕೂಡುರಸ್ತೆ ಇದೆಯಲ್ಲ, ಕೋಡಿ ಅಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹೊರಬೀಳುವ ಜಾಗ. ಈಗ ಅಲ್ಲಿ ಬೆಳಿಗ್ಗೆ ಸಂಜೆ ತುಂಬಿ ಹರಿಯುವುದು ಕಾರು, ಬೈಕು, ಕಂಪನಿ ಬಸ್ಸು.

ವೈಟ್‌ಫೀಲ್ಡ್ ಎಂಬ ಹೆಸರು ಬಂದದ್ದು 1882ರಲ್ಲಿ. ಬ್ರಿಟಿಷರು ಮೈಸೂರು ಸಂಸ್ಥಾನವನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸಿ ಒಂದು ವರ್ಷವಾಗಿತ್ತು. ಆಂಗ್ಲೋ-ಇಂಡಿಯನ್ನರ ಸಂಘದವರು ತಮ್ಮ ಜನಕ್ಕೆ ಬೇಸಾಯ ಮಾಡಿ ಬದುಕಲು ನೆಲ ಬೇಕೆಂದು ಕೇಳಿಕೊಂಡರು. ಚಾಮರಾಜೇಂದ್ರ ಒಡೆಯರು ಸುಮಾರು 3,900 ಎಕರೆ ಕೊಟ್ಟರು. ಸಂಘದ ಮುಖಂಡ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ಬಿಳಿಯರ ಹೊಲ ಎಂದು ಅರ್ಥ ಹೇಳುವವರಿದ್ದಾರೆ, ಅದು ತಪ್ಪು.

ತಂದೆಯ ಕಡೆಯವರು ಬಿಳಿಯರು, ತಾಯಿಯ ಕಡೆಯವರು ಇಲ್ಲಿಯವರು. ದಂಡಿನಲ್ಲಿ ಪೂರ್ತಿ ದೊರೆಗಳೂ ಅಲ್ಲ, ಪೇಟೆಯಲ್ಲಿ ಪೂರ್ತಿ ನೆಂಟರೂ ಅಲ್ಲ. 'ನಮ್ದೂ ಅಂತ ಒಂದು ಊರಿರಲಿ' ಎಂಬುದು ಅವರ ಆಸೆ. ಮಧ್ಯದಲ್ಲಿ ದುಂಡಗೆ ಬಯಲು, ಸುತ್ತ ಮನೆ, ಇನ್ನರ್ ಸರ್ಕಲ್, ಔಟರ್ ಸರ್ಕಲ್, ಒಂದು ಇಗರ್ಜಿ. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ಹೋಗುವ ರೈಲುದಾರಿ ಅದಕ್ಕೂ ಮೊದಲೇ, 1864ರಲ್ಲಿ ಬಂದಿತ್ತು. ಕಾಡುಗೋಡಿಯ ನಿಲ್ದಾಣಕ್ಕೆ ವೈಟ್‌ಫೀಲ್ಡಿನ ಹೆಸರೇ ಅಂಟಿಕೊಂಡಿತು.

ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಚರ್ಚಿಲ್ ಸಾಹೇಬರು ಇಲ್ಲಿನ ವೇವರ್ಲಿ ಇನ್ನಿನ ಯಜಮಾನರ ಮಗಳನ್ನು ನೋಡಲು ಕುದುರೆ ಏರಿ ಬರುತ್ತಿದ್ದರು ಎಂಬ ಕಥೆಯನ್ನು ವೈಟ್‌ಫೀಲ್ಡಿನಲ್ಲಿ ಹೇಳದವರಿಲ್ಲ. ಅವರು 1896ರಿಂದ ಕೆಲಕಾಲ ಬೆಂಗಳೂರು ದಂಡಿನಲ್ಲಿದ್ದುದು ನಿಜ. ಉಳಿದದ್ದು ಊರವರ ಕಥೆ. ಇರಲಿ, ಕಥೆಗೆ ತೆರಿಗೆಯಿಲ್ಲ.

ಬೇಸಾಯದ ಕನಸು ಅಂದುಕೊಂಡಷ್ಟು ಕೈಗೂಡಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಆಸ್ಟ್ರೇಲಿಯಾ, ಇಂಗ್ಲೆಂಡ್, ಕೆನಡಾ ಎಂದು ಒಂದೊಂದೇ ಮನೆ ಖಾಲಿಯಾಯಿತು. ಹೆಂಚಿನ ಮಾಡು, ಮಾವಿನ ಮರ, ಹಳೇ ಪಿಯಾನೊ, ಪಿಂಚಣಿಯ ಮುದುಕರು ಉಳಿದರು. ಕಾಡುಗೋಡಿಯ ಬೃಂದಾವನ ಆಶ್ರಮಕ್ಕೆ ಸತ್ಯಸಾಯಿಬಾಬಾ ಬಂದು ಇರುತ್ತಿದ್ದ ದಿನಗಳಲ್ಲಿ ಬಿಳಿ ಸೀರೆ ಉಟ್ಟ ಇಟಲಿ, ಜರ್ಮನಿ, ಅಮೆರಿಕದವರು ರಸ್ತೆಬದಿಯಲ್ಲಿ ಎಳನೀರು ಕುಡಿಯುತ್ತಿದ್ದರು. ಹೀಗಾಗಿ ಪರದೇಶದವರನ್ನು ಕಂಡು ಇಲ್ಲಿಯ ಎಳನೀರಿನವರು ಬೆರಗಾಗುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು.

ಹೊಲ ಹೋಯಿತು, ಬಾವಿ ಉಳಿಯಿತು

ಊರಿನ ದಿಕ್ಕು ಬದಲಾದದ್ದು 1994ರ ಒಪ್ಪಂದದಿಂದ. ಸಿಂಗಪುರದ ಕಂಪನಿಗಳು, ಟಾಟಾ ಸಂಸ್ಥೆ ಮತ್ತು ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಸೇರಿ ಟೆಕ್ ಪಾರ್ಕ್ ಕಟ್ಟಲು ಹೊರಟವು. ಆ ದಶಕದ ಕೊನೆಗೆ ಅದು ಬಾಗಿಲು ತೆರೆಯಿತು. ಜನರ ಬಾಯಲ್ಲಿ 'ಐಟಿಪಿಎಲ್' ಆಯಿತು. ಒಳಗೆ ಅದಕ್ಕೇ ಪ್ರತ್ಯೇಕ ವಿದ್ಯುತ್ ಸ್ಥಾವರ! ಹೊರಗೆ ಹಳ್ಳಿಯಲ್ಲಿ ಕರೆಂಟು ಹೋದಾಗಲೂ ಗಾಜಿನ ಕಟ್ಟಡದಲ್ಲಿ ದೀಪ ಉರಿಯುತ್ತಿತ್ತು. 'ನಿಮ್ಮ ಸೌಲಭ್ಯ ನೀವೇ ಮಾಡ್ಕೊಳ್ಳಿ' ಎಂಬ ಪಾಠವನ್ನು ಮೊದಲು ಕಲಿಸಿದ್ದು ಆ ದೀಪವೇ ಇರಬೇಕು. 2000ದಲ್ಲಿ ಜಿ.ಇ. ಕಂಪನಿಯ ಸಂಶೋಧನಾ ಕೇಂದ್ರ ಬಂತು. 2001ರ ಜನವರಿಯಲ್ಲಿ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಪ್ರಧಾನಿ ವಾಜಪೇಯಿ ಉದ್ಘಾಟಿಸಿದರು. ಹಣವಿಲ್ಲದೆ ಹೃದಯದ ಆಪರೇಷನ್ ಆಗುವ ಜಾಗ ಅದು. ಅದರ ಸುತ್ತಲೇ ತಿಂಗಳಿಗೆ ಲಕ್ಷ ಎಣಿಸುವವರ ಕಚೇರಿಗಳು. ಇಂಥ ಜೋಡಿ ಬೇರೆ ಕಡೆ ಸಿಗುವುದು ಅಪರೂಪ.

ಕಚೇರಿಗೆ ಜಾಗ ಕೊಟ್ಟದ್ದು ರಾಗಿ, ಅವರೆ, ತರಕಾರಿ ಬೆಳೆಯುತ್ತಿದ್ದ ಹೊಲ. ಕೆಲವರದ್ದು ಮಂಡಳಿಗೆ ಹೋಯಿತು, ಕೆಲವರು ಬಿಲ್ಡರಿಗೆ ಮಾರಿದರು. ಬುದ್ಧಿವಂತರು ಉಳಿದ ತುಂಡು ಜಾಗದಲ್ಲಿ ಐದು ಮಹಡಿ ಎಬ್ಬಿಸಿ ಹುಡುಗ ಹುಡುಗಿಯರ ಪಿ.ಜಿ. ಮಾಡಿದರು. ಒಂದೊಂದು ಕೋಣೆಯಲ್ಲಿ ಮೂರು ಮಂಚ, ಮೂರು ರಾಜ್ಯ. ಗೌಡರ ಮನೆಯ ಅಡುಗೆಯವನು ಬಿಹಾರದ ಹುಡುಗನಿಗೆ ಆಲೂ ಪರಾಟ, ಗುಂಟೂರಿನ ಹುಡುಗನಿಗೆ ಗೊಂಗೂರ ಚಟ್ನಿ ಮಾಡುವುದನ್ನು ಕಲಿತ. ಗೌಡರು ಮಾತ್ರ ಒಳಗೆ ಮುದ್ದೆ ಬಸ್ಸಾರು ಬಿಟ್ಟಿಲ್ಲ.

ಇನ್ನು ಕೆಲವರು ಅರ್ಧ ಎಕರೆಯಲ್ಲಿ ಬೋರ್‌ವೆಲ್ ಕೊರೆಸಿ ಟ್ಯಾಂಕರ್ ಇಟ್ಟರು. ಹೊಲದಲ್ಲಿ ರಾಗಿ ಬೆಳೆದು ಮಾರುತ್ತಿದ್ದವರು ಹೊಲದ ಅಡಿಯ ನೀರನ್ನು ಮಾರಲು ಶುರು ಮಾಡಿದರು. ಅವರನ್ನು ಬೈಯುವುದು ಸುಲಭ. ಆದರೆ ಸರ್ಕಾರ ಪೈಪು ಹಾಕದ ಕಡೆ ಅವರು ನೀರು ಮುಟ್ಟಿಸಿದರು ಎಂಬುದನ್ನೂ ಹೇಳಬೇಕಲ್ಲ.

ನೆಲವಿದ್ದವರಿಗೆ ದುಡ್ಡಾದರೂ ಬಂತು. ಆ ನೆಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ? ಹೊಲದ ಜೊತೆ ಕೂಲಿಯೂ ಹೋಯಿತು, ಪರಿಹಾರದ ಪಟ್ಟಿಯಲ್ಲಿ ಹೆಸರಿಲ್ಲ. ನಲ್ಲೂರಹಳ್ಳಿ, ಹಗದೂರು, ಇಮ್ಮಡಿಹಳ್ಳಿ ಕಾಲೋನಿಗಳ ಹೆಂಗಸರು ಅಪಾರ್ಟ್‌ಮೆಂಟುಗಳ ಕಸ, ಮುಸುರೆ, ನೆಲ ಒರೆಸುವ ಕೆಲಸ ಹಿಡಿದರು. 'ಇದೇ ಜಾಗ್ದಾಗೆ ನಮ್ಮವ್ವ ಕಳೆ ಕೀಳ್ತಿದ್ಲು' ಎಂದು ಲಿಫ್ಟಿನಲ್ಲಿ ಹೇಳಿಕೊಳ್ಳುವ ಹೆಂಗಸಿಗೆ ಹ್ಞೂಗುಟ್ಟಲು ಪಕ್ಕದಲ್ಲಿರುವವರಿಗೆ ಕನ್ನಡ ಬರಬೇಕಲ್ಲ.

ಗೇಟಿನ ಒಳಗೆ

ಇಲ್ಲಿ ಇರುವ ಜನ ಎಷ್ಟು? ಸರಿಯಾದ ಲೆಕ್ಕ ಯಾರ ಹತ್ತಿರವೂ ಇಲ್ಲ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65 ಲಕ್ಷ ಇದ್ದದ್ದು 2011ರಲ್ಲಿ 96 ಲಕ್ಷ ದಾಟಿತು. 2021ರ ಜನಗಣತಿ ನಡೆಯಲೇ ಇಲ್ಲ, 2027ಕ್ಕೆ ಹೋಯಿತು. ಈ ನಡುವೆ ವೈಟ್‌ಫೀಲ್ಡಿನಲ್ಲಿ ಎದ್ದ ಗೋಪುರಗಳಲ್ಲಿರುವವರು ಯಾವ ಗಣತಿಗೂ ಸಿಕ್ಕಿಲ್ಲ. 2011ರ ಲೆಕ್ಕದಲ್ಲೇ ಜಿಲ್ಲೆಯಲ್ಲಿ ಕನ್ನಡ ಮನೆಮಾತೆಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ. ಉಳಿದವರಲ್ಲಿ ತಮಿಳು, ತೆಲುಗು, ಉರ್ದುವಿನವರು ಹೆಚ್ಚು. ವೈಟ್‌ಫೀಲ್ಡಿನಲ್ಲಿ ಇವರ ಜೊತೆಗೆ ಹಿಂದಿ, ಬಂಗಾಳಿ, ಒಡಿಯಾ, ಮಲಯಾಳ, ಮರಾಠಿ, ಗುಜರಾತಿ ಸೇರಿಸಿಕೊಳ್ಳಿ. ಕೊರಿಯಾ, ಜಪಾನು, ಜರ್ಮನಿಯವರು ಕಂಪನಿ ಕೆಲಸಕ್ಕೆ ಬಂದು ಎರಡು ಮೂರು ವರ್ಷ ಇದ್ದು ಹೋಗುವುದೂ ಉಂಟು.

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳೇ ಬಹಳ. ವಯಸ್ಸು ಮೂವತ್ತರಿಂದ ನಲವತ್ತೈದು. ಮನೆ ಸಾಲದ ಕಂತು ಇಪ್ಪತ್ತು ವರ್ಷ, ಮಗುವಿನ ಸ್ಕೂಲಿಗೆ ವರ್ಷಕ್ಕೆ ಕೊಡುವ ಫೀಜಿನಲ್ಲಿ ಹಿಂದೆ ಒಂದು ಮದುವೆ ಆಗುತ್ತಿತ್ತು. ಗೇಟಿನ ಒಳಗೆ ಈಜುಕೊಳ, ಬ್ಯಾಡ್ಮಿಂಟನ್, ಜಿಮ್ಮು, ದಿನಸಿ ಅಂಗಡಿ, ಒಂದೊಂದು ಕಡೆ ಸಣ್ಣ ಗುಡಿ. ಕರೆಂಟು ಹೋದರೆ ಜನರೇಟರ್. ಕೊಳಚೆ ನೀರನ್ನು ತಿಳಿಯಾಗಿಸುವ ಸ್ವಂತ ಘಟಕ. ಕಾವಲು ಸ್ವಂತದ್ದು. ತಿಂಗಳ ಮೆಯಿಂಟೆನೆನ್ಸ್ ಕಟ್ಟಿದರೆ ಎಲ್ಲ ನಡೆಯುತ್ತದೆ. ಅಂದರೆ ಪ್ರತಿ ಗೇಟೂ ಒಂದು ಪುರಸಭೆ. ವರ್ಷಕ್ಕೊಮ್ಮೆ ಚುನಾವಣೆ, ಜಗಳ, ಬಜೆಟ್, ಅಧ್ಯಕ್ಷರ ಮೇಲೆ ಅವಿಶ್ವಾಸ. ಗೇಟಿನ ಹೊರಗಿನ ಪಾಲಿಕೆಯ ಬಗ್ಗೆ ಇಷ್ಟು ಆಸ್ಥೆ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಆದರೆ ಗೇಟಿನ ಒಳಗೂ ಮನುಷ್ಯರೇ ಇರುವುದು. ಸಂಜೆ ಐದರ ಮೇಲೆ ಪಾರ್ಕಿನ ಬೆಂಚುಗಳನ್ನು ನೋಡಬೇಕು. ಅಲ್ಲಿ ಕೂರುವವರು ಅಜ್ಜ ಅಜ್ಜಿಯರು. ಆರು ತಿಂಗಳು ಮಗಳ ಮನೆ, ಆರು ತಿಂಗಳು ಊರು. ಮೊಮ್ಮಗುವನ್ನು ನೋಡಿಕೊಳ್ಳಲು ವಿಜಯವಾಡದಿಂದ ಬಂದವರು, ಲಕ್ನೋದಿಂದ ಬಂದವರು, ಕಲ್ಕತ್ತೆಯಿಂದ ಬಂದವರು, ನಮ್ಮ ದಾವಣಗೆರೆಯಿಂದ ಬಂದವರು. ಇವರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಮಾತು ಬಾರದಿದ್ದರೂ ಮಂಡಿನೋವು ಎಲ್ಲರದ್ದೂ ಒಂದೇ. ಕೈಸನ್ನೆಯಲ್ಲಿ ಔಷಧಿ ವಿನಿಮಯ ಆಗುತ್ತದೆ. ತೆಲುಗು ಅಜ್ಜಿ ಮಾಡಿದ ಉಪ್ಪಿನಕಾಯಿ ಬಂಗಾಳಿ ಅಜ್ಜಿಯ ಮನೆಗೆ, ಅಲ್ಲಿಂದ ಸಂದೇಶ ಮಿಠಾಯಿ ವಾಪಸು. ದಾವಣಗೆರೆ ಅಜ್ಜಿ ಕನ್ನಡದಲ್ಲೇ ಮಾತಾಡುತ್ತಾರೆ, ಎಲ್ಲರಿಗೂ ಅರ್ಥವಾಗುತ್ತದೆಂಬ ಧೈರ್ಯ. ಆಗುತ್ತದೆ ಕೂಡ! ವೈಟ್‌ಫೀಲ್ಡಿನಲ್ಲಿ ನೆರೆಹೊರೆ ಎಂಬುದು ನಿಜವಾಗಿ ಉಳಿದಿರುವುದು ಈ ಬೆಂಚುಗಳ ಮೇಲೆ.

ಮಕ್ಕಳದ್ದು ಇನ್ನೊಂದು ಲೋಕ. ಮನೆಯಲ್ಲಿ ತಾಯ್ನುಡಿ, ಸ್ಕೂಲಿನಲ್ಲಿ ಇಂಗ್ಲಿಷು, ಆಟದಲ್ಲಿ ಹಿಂದಿ. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದ ಪ್ರಕಾರ ಸಿ.ಬಿ.ಎಸ್.ಇ., ಐ.ಸಿ.ಎಸ್.ಇ. ಶಾಲೆಗಳಲ್ಲೂ ಕನ್ನಡ ಕಲಿಸಬೇಕು. ಅದರ ಫಲ ಎಷ್ಟು ಎಂಬುದು ಚರ್ಚೆಯ ಮಾತು, ಕೆಲವು ಪಾಲಕರಿಗೆ ಅದು ತಲೆನೋವಿನ ಮಾತು. ಆದರೆ ಪಟ್ನಾದ ಅಜ್ಜನಿಗೆ ಬಸ್ಸಿನ ಬೋರ್ಡು ಓದಿ ಹೇಳುವುದು ಮೂರನೇ ಕ್ಲಾಸಿನ ಮೊಮ್ಮಗಳೇ.

ನವೆಂಬರ್ ಒಂದರಂದು ಗೇಟುಗಳ ಒಳಗೆ ರಾಜ್ಯೋತ್ಸವ ಜೋರಾಗಿಯೇ ನಡೆಯುತ್ತದೆ. ಹಳದಿ ಕೆಂಪು ಶಾಲು, ಡೊಳ್ಳು, ಬಿಸಿಬೇಳೆಬಾತು. ಅದಕ್ಕೆ ಮೊದಲು ಓಣಂ ಹೂವಿನ ರಂಗೋಲಿ, ದುರ್ಗಾಪೂಜೆ, ಆಮೇಲೆ ಛಠ್. ಒಟ್ಟಿನಲ್ಲಿ ಶಾಮಿಯಾನದವರಿಗೆ ಬಿಡುವಿಲ್ಲ. ಆದರೆ ಅದೇ ರಸ್ತೆಯ ಹಳ್ಳಿಯಲ್ಲಿ ಊರಹಬ್ಬಕ್ಕೆ ತಂಬಿಟ್ಟಿನ ಆರತಿ ಹೊತ್ತು ಹೆಂಗಸರು ಹೊರಟಾಗ 'ಟ್ರಾಫಿಕ್ ಜಾಮು' ಎಂದು ಕಾರಿನ ಗಾಜು ಏರಿಸುವವರೂ ಇದೇ ಜನ. 2024ರಲ್ಲಿ ಅಂಗಡಿ ಬೋರ್ಡುಗಳಲ್ಲಿ ಶೇಕಡ 60 ಕನ್ನಡ ಕಡ್ಡಾಯವೆಂಬ ಕಾನೂನು ಬಂದಾಗ ಇಲ್ಲಿಯ ಬೋರ್ಡುಗಳೂ ಬದಲಾದವು. ಕಾಗುಣಿತ ನೋಡಿದರೆ ಕೆಲವನ್ನು ಹಾಗೇ ಬಿಟ್ಟಿದ್ದರೇ ಚೆನ್ನಾಗಿತ್ತು.

ಕಲಿಯಲು ಮನಸ್ಸಿಲ್ಲದವರು ಇದ್ದಾರೆ, ಕಲಿಸಲು ತಾಳ್ಮೆಯಿಲ್ಲದ ನಾವೂ ಇದ್ದೇವೆ. ಆಟೋದವನು, ಹೂವಿನವಳು, ಲೈನ್‌ಮನ್ನು ಎಲ್ಲರೂ ಮೊದಲೇ ಹಿಂದಿಗೆ ತಿರುಗಿಬಿಟ್ಟರೆ ಬಂದವನಿಗೆ ಕನ್ನಡದ ಅವಶ್ಯಕತೆಯಾದರೂ ಏನು ಬಿತ್ತು?

ಪ್ಲಾಸ್ಟಿಕ್ ಮಾಡಿನವರು

ಶ್ರೀಮಂತ ಬಡಾವಣೆ ಎಂದಾಗ ಲೆಕ್ಕಕ್ಕೆ ಬಾರದ ಜನ ಒಂದಿದ್ದಾರೆ. ಈ ಗೋಪುರಗಳನ್ನು ಕಟ್ಟಿದವರು. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಗಂಟು ಕಟ್ಟಿ ಬಂದವರು. ಅವರ ಪಕ್ಕದಲ್ಲೇ ಬಂಗಾಳ, ಅಸ್ಸಾಂ, ಬಿಹಾರದಿಂದ ಬಂದವರು. ಖಾಲಿ ಸೈಟಿನಲ್ಲಿ ತಗಡು, ಪ್ಲಾಸ್ಟಿಕ್ ಹೊದಿಸಿದ ಗುಡಿಸಲು. ಅದಕ್ಕೂ ತಿಂಗಳ ಬಾಡಿಗೆಯುಂಟು. ಗೇಟಿನವನ ಕಣ್ಣಿಗೆ ರಾಯಚೂರಿನ ಕನ್ನಡಿಗನೂ ಹೊರಗಿನವನೇ, ಮುರ್ಷಿದಾಬಾದಿನವನೂ ಹೊರಗಿನವನೇ.

2020ರ ಜನವರಿಯಲ್ಲಿ ಇದೇ ಮಹದೇವಪುರ ಕ್ಷೇತ್ರದ ಕರಿಯಮ್ಮನ ಅಗ್ರಹಾರದಲ್ಲಿ, ಬಾಂಗ್ಲಾದೇಶದವರಿದ್ದಾರೆ ಎಂಬ ಹೆಸರಿನಲ್ಲಿ ಗುಡಿಸಲುಗಳನ್ನು ಕೆಡವಲಾಯಿತು. ಕೆಡವಿದ ಮೇಲೆ ನೋಡಿದರೆ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು! ವಿಷಯ ಹೈಕೋರ್ಟಿಗೆ ಹೋಗಿ ಸರ್ಕಾರ ಉತ್ತರ ಹೇಳಬೇಕಾಯಿತು. ಗುಡಿಸಲು ಕೆಡವಿದ ವಾರ ಎಷ್ಟೋ ಮನೆಗಳಿಗೆ ಕೆಲಸದವರು ಬರಲಿಲ್ಲ. ಯಾಕೆ ಬರಲಿಲ್ಲವೆಂದು ಎಷ್ಟು ಮನೆಯವರು ಕೇಳಿದರೋ.

ನೊರೆ, ಪ್ರವಾಹ, ಬರಗಾಲ

ಗೇಟು ಹಾಕಿ ಜನರನ್ನು ತಡೆಯಬಹುದು. ನೀರನ್ನು ಹೇಗೆ ತಡೆಯುತ್ತೀರಿ?

ನಗರದ ಕೊಳಚೆಯ ದೊಡ್ಡ ಪಾಲು ಹರಿದು ಬೀಳುವುದು ಬೆಳ್ಳಂದೂರು ಕೆರೆಗೆ. ಅಲ್ಲಿಂದ ವರ್ತೂರು ಕೆರೆಗೆ, ಮುಂದೆ ದಕ್ಷಿಣ ಪಿನಾಕಿನಿಗೆ. 2015ರಲ್ಲಿ ವರ್ತೂರು ಕೆರೆಯ ನೊರೆ ಎದ್ದು ರಸ್ತೆಗೆ ಹಾರಿತು. ಬೈಕಿನವರ ಮುಖಕ್ಕೆ ಬಡಿಯಿತು. ಪಟ ಲೋಕಕ್ಕೆಲ್ಲ ಹರಡಿತು. 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿಯೇ ಹತ್ತಿತು. ಕೆರೆಗೆ ಬೆಂಕಿ! ಹಿಂದಿನವರಿಗೆ ಹೇಳಿದರೆ ನಂಬುತ್ತಿರಲಿಲ್ಲ. ಹಸಿರು ನ್ಯಾಯಮಂಡಳಿ ಕಿವಿ ಹಿಂಡಿದ ಮೇಲೆ ಹೂಳೆತ್ತುವ ಕೆಲಸ ಶುರುವಾಯಿತು.

2022ರ ಸೆಪ್ಟೆಂಬರ್ ಮೊದಲ ವಾರ ಮಳೆ ಹಿಡಿಯಿತು. ರಾಜಕಾಲುವೆಗಳು ಒತ್ತುವರಿಯಾಗಿದ್ದವು, ಕೆರೆ ಕೋಡಿಗಳಿಗೆ ದಾರಿಯಿರಲಿಲ್ಲ. ಯಮಲೂರು, ಸರ್ಜಾಪುರ ರಸ್ತೆಯ ಕೋಟಿ ಕೋಟಿ ಬೆಲೆಯ ಬಂಗಲೆಗಳಿಗೆ ನೀರು ನುಗ್ಗಿ ವಿದೇಶಿ ಕಾರುಗಳು ಮುಳುಗಿದವು. ಕಂಪನಿಯ ಸಾಹೇಬರುಗಳು ಲ್ಯಾಪ್‌ಟಾಪ್ ಚೀಲ ಎದೆಗವಚಿಕೊಂಡು ಟ್ರ್ಯಾಕ್ಟರ್ ಹತ್ತಿದರು. ಹೊಲ ಹೋದರೂ ಟ್ರ್ಯಾಕ್ಟರ್ ಮಾರದೆ ಇಟ್ಟುಕೊಂಡಿದ್ದ ಹಳ್ಳಿಯವರು ಆ ವಾರ ನಿಜಕ್ಕೂ ದೊಡ್ಡವರಾದರು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮ್ಯಾನೇಜರು, ಮನೆಗೆಲಸದವಳು, ಸೆಕ್ಯುರಿಟಿ ಹುಡುಗ ಒಟ್ಟಿಗೆ ನಿಂತದ್ದು ವೈಟ್‌ಫೀಲ್ಡ್ ಸೀಮೆಯ ಚರಿತ್ರೆಯಲ್ಲಿ ಅಪರೂಪದ ಘಟನೆ.

ಅದಾಗಿ ಒಂದೂವರೆ ವರ್ಷಕ್ಕೆ ತದ್ವಿರುದ್ಧ. 2023ರ ಮಳೆ ಕೈಕೊಟ್ಟಿತು. 2024ರ ಬೇಸಿಗೆಗೆ ಬೆಂಗಳೂರಿನ ಸಾವಿರಾರು ಬೋರ್‌ವೆಲ್‌ಗಳು ಒಣಗಿದವು. ಕಾವೇರಿ ಪೈಪಿಲ್ಲದ ವೈಟ್‌ಫೀಲ್ಡಿಗೆ ಬಿದ್ದ ಏಟು ಮಿಕ್ಕವರಿಗಿಂತ ಜೋರು. ಟ್ಯಾಂಕರ್ ದರ ಬಾಯಿಗೆ ಬಂದಂತೆ ಏರಿತು. ಈಜುಕೊಳ ಬರಿದಾದವು, ಕಾಗದದ ತಟ್ಟೆಯಲ್ಲಿ ಊಟ ಮಾಡಿರೆಂದು ಸಂಘಗಳು ನೋಟಿಸ್ ಹಚ್ಚಿದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಕೊನೆಗೆ ಮಾರ್ಚ್ ತಿಂಗಳಲ್ಲಿ ಜಿಲ್ಲಾಧಿಕಾರಿಗಳು ದರ ಕಟ್ಟಿದರು. ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ.

ಈ ಲೆಕ್ಕವನ್ನು ಸ್ವಲ್ಪ ನಿಂತು ನೋಡಬೇಕು. ಆಗ ಜಾರಿಯಲ್ಲಿದ್ದ ಜಲಮಂಡಳಿಯ ದರದಲ್ಲಿ ಮನೆ ನಲ್ಲಿಯ ಮೊದಲ 8,000 ಲೀಟರಿಗೆ, ಸಾವಿರ ಲೀಟರಿಗೆ 7 ರೂಪಾಯಿಯಂತೆ. ಜಯನಗರದ ನಲ್ಲಿಯಲ್ಲಿ 42 ರೂಪಾಯಿಗೆ ಬರುವ ನೀರು ವೈಟ್‌ಫೀಲ್ಡಿನಲ್ಲಿ ಸರ್ಕಾರ ಕಟ್ಟಿದ ದರದಲ್ಲೇ 600 ರೂಪಾಯಿ. ಗೇಟಿನ ಒಳಗಿನವರು ಹೇಗೋ ಹಂಚಿಕೊಂಡು ಕೊಟ್ಟರು. ವಠಾರದವರು ಬಿಂದಿಗೆ ಲೆಕ್ಕದಲ್ಲಿ ಕೊಂಡರು, ಅಲ್ಲಿ ದರ ಕಟ್ಟಲು ಯಾರೂ ಬರಲಿಲ್ಲ. ಮಗಳ ಮನೆಗೆ ಬಂದಿದ್ದ ಅಜ್ಜಿಯರು 'ಊರಲ್ಲೇ ವಾಸಿ' ಎಂದು ಗಂಟು ಕಟ್ಟಿದರು. ಎಷ್ಟೋ ಬೆಂಚು ಆ ಏಪ್ರಿಲ್‌ನಲ್ಲಿ ಖಾಲಿಯಾಗಿದ್ದವು.

ತೆರಿಗೆ ಕೊಡುವವರಿಗೆ ಸದಸ್ಯರಿಲ್ಲ

ಈ ಪ್ರದೇಶ ಮಹದೇವಪುರ ನಗರಸಭೆಯಲ್ಲಿತ್ತು. ನಗರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿ 2007ರಲ್ಲಿ ಬಿ.ಬಿ.ಎಂ.ಪಿ. ಮಾಡಿದರು. ಊರು ಕಾರ್ಪೊರೇಷನ್ ಆಯಿತು, ತೆರಿಗೆ ಕಾರ್ಪೊರೇಷನ್ನಿನದಾಯಿತು. ನೀರಿಗಾಗಿ 'ಐದನೇ ಹಂತ ಬರುತ್ತೆ' ಎಂಬ ಉತ್ತರ. ಬಿ.ಬಿ.ಎಂ.ಪಿ. ವಲಯಗಳ ಪೈಕಿ ವರ್ಷವರ್ಷವೂ ಅತಿ ಹೆಚ್ಚು ಆಸ್ತಿ ತೆರಿಗೆ ಕೊಟ್ಟದ್ದು ಮಹದೇವಪುರ ವಲಯ. ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ನೊರೆಗೆ ಸದಸ್ಯರಿದ್ದರು. ಪ್ರವಾಹಕ್ಕೂ ಬರಕ್ಕೂ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರನ್ನು ಐದು ಪಾಲಿಕೆಯಾಗಿ ಒಡೆದು ಈ ಭಾಗವನ್ನು ಪೂರ್ವ ನಗರಪಾಲಿಕೆ ಮಾಡಿದಾಗಲೂ ಕುರ್ಚಿಯಲ್ಲಿ ಕೂತವರು ಅಧಿಕಾರಿಗಳೇ.

ಹಾಗೆಂದು ದೂರನ್ನೆಲ್ಲ ವಿಧಾನಸೌಧಕ್ಕೆ ಹೊರಿಸುವುದೂ ನ್ಯಾಯವಲ್ಲ. ಆರು ಲಕ್ಷ ಮೀರಿದ ಮತದಾರರಿರುವ ಮಹದೇವಪುರ ಕ್ಷೇತ್ರದಲ್ಲಿ ಮತಗಟ್ಟೆಗೆ ಬರುವವರು ಅರ್ಧಕ್ಕಿಂತ ತುಸು ಮೇಲೆ. ಮತದಾನದ ರಜೆಗೆ ಕೂರ್ಗ್, ಚಿಕ್ಕಮಗಳೂರಿನ ಹೋಂಸ್ಟೇ ತುಂಬುತ್ತದೆ ಎಂಬ ಕುಹಕ ಸುಮ್ಮನೆ ಹುಟ್ಟಿದ್ದಲ್ಲ. ಹಾಗೆಯೇ 2013ರಲ್ಲಿ 'ವೈಟ್‌ಫೀಲ್ಡ್ ರೈಸಿಂಗ್' ಎಂಬ ಗುಂಪು ಕಟ್ಟಿಕೊಂಡು ಕಸ ಬೇರ್ಪಡಿಸಿ, ಕೆರೆ ಕಾದು, ಮತದಾರರ ಪಟ್ಟಿಗೆ ಹೆಸರು ಸೇರಿಸಲು ಓಡಾಡಿದವರೂ ಇದೇ ಗೇಟುಗಳ ಒಳಗಿನವರು. ಪಟ್ಟಂದೂರು ಕೆರೆಯ ಅಂಗಳದಲ್ಲಿ ಒತ್ತುವರಿಯಾದಾಗ ಫಲಕ ಹಿಡಿದು ನಿಂತವರಲ್ಲಿ ಕನ್ನಡ ಬಾರದವರು ಎಷ್ಟೋ ಜನ. ಸಾವಿರ ವರ್ಷದ ಹಿಂದೆ ತಮಿಳು ಶಾಸನ ಹಾಕಿಸಿದವನ ಕೆರೆಯನ್ನು ಹಿಂದಿ ಮಾತಾಡುವವರು ಕಾದರು. ಹೊರಗಿನವರು ಯಾರು, ಒಳಗಿನವರು ಯಾರು, ಹೇಳುವುದು ಕಷ್ಟ.

2023ರ ಮಾರ್ಚ್‌ನಲ್ಲಿ ಮೆಟ್ರೋ ಬಂತು, ಅಕ್ಟೋಬರಿಗೆ ಪೇಟೆಯ ತನಕ ಕೂಡಿಕೊಂಡಿತು. ಗಾಜಿನ ಕಟ್ಟಡಗಳಿಗೆ ಮುಚ್ಚಿಹೋಗಿದ್ದ ಹಳ್ಳಿಗಳ ಹೆಸರು ಮೆಟ್ರೋ ಬಂದ ಮೇಲೆ ಮತ್ತೆ ಕಿವಿಗೆ ಬಿದ್ದವು. ಹೂಡಿ, ಸೀತಾರಾಮಪಾಳ್ಯ, ಕುಂದಲಹಳ್ಳಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ. ಒಂದು ನಿಲ್ದಾಣಕ್ಕೆ ಹೋಪ್‌ಫಾರ್ಮ್ ಚನ್ನಸಂದ್ರ ಎಂದು ಎರಡು ಹೆಸರು ಹೊಲಿದಿದ್ದಾರೆ. ಕೊನೆಯದ್ದು ವೈಟ್‌ಫೀಲ್ಡ್, ಕಂಸದಲ್ಲಿ ಕಾಡುಗೋಡಿ. ಹತ್ತು ವರ್ಷ ಇಲ್ಲೇ ಇದ್ದವರು 'ಓ, ನಮ್ಮ ಆಫೀಸು ಇರೋದು ಪಟ್ಟಂದೂರಿನಲ್ಲಾ?' ಎಂದು ಕೇಳಿದ್ದುಂಟು.

ಐದನೇ ಹಂತವೂ ಕಡೆಗೆ ಬಂತು. 2024ರ ಅಕ್ಟೋಬರ್ 16ರಂದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆ. 110 ಹಳ್ಳಿಗಳಿಗೆಂದು ದಿನಕ್ಕೆ 77 ಕೋಟಿ 50 ಲಕ್ಷ ಲೀಟರ್. ಸೇರ್ಪಡೆಯಾಗಿ ಹದಿನೇಳು ವರ್ಷಕ್ಕೆ. ಆದರೆ ಸಂಪರ್ಕದ ಶುಲ್ಕ ಕೇಳಿ ಅಪಾರ್ಟ್‌ಮೆಂಟುಗಳು ಹಿಂದೆಮುಂದೆ ನೋಡಿದವು. ಲೋಡಿಗೆ ಸಾವಿರ ಸಾವಿರ ಎಣಿಸಿದ ಸಂಘಗಳಲ್ಲೇ ಪೈಪಿಗೆ ದುಡ್ಡು ಕೊಡಲು ಮೂರು ಮೀಟಿಂಗು! ಜಲಮಂಡಳಿ ಕಂತಿನಲ್ಲಿ ಕಟ್ಟಿರೆಂದು 2025ರ ಮೇ ತಿಂಗಳಲ್ಲಿ 'ಸರಳ ಕಾವೇರಿ' ಎಂಬ ಯೋಜನೆ ತಂದಿತು. ಅದರ ಜೊತೆಯಲ್ಲೇ ಇನ್ನೊಂದನ್ನೂ ತಂದಿತು, 'ಸಂಚಾರಿ ಕಾವೇರಿ'. ಹೆಸರು ಚೆಂದವಿದೆ. ಕಾವೇರಿ ನೀರನ್ನು ಮಂಡಳಿಯೇ ಟ್ಯಾಂಕರಿನಲ್ಲಿ ತುಂಬಿ ಮನೆ ಬಾಗಿಲಿಗೆ ತರುವ ಏರ್ಪಾಡು.

ಗೇಟಿನ ಮುಂದೆ ಲಾರಿ ಬಂದು ನಿಲ್ಲುತ್ತದೆ. ಸೆಕ್ಯುರಿಟಿಯವನು ನಂಬರು ಬರೆದುಕೊಳ್ಳುತ್ತಾನೆ. ಸೆಕ್ರೆಟರಿಯವರು ಕಣ್ಣುಜ್ಜಿಕೊಂಡು ಕೆಳಗೆ ಇಳಿದು ಬರುತ್ತಾರೆ.

'ಕಿತ್ನಾ ಲೋಡ್?'